ಮರದ ರಿಸ್ಟ್ ರೆಸ್ಟ್ ಹಾಕಿದ್ಮೇಲೂ ಕೈ ನೋವು, ಸರಿ ಹೋಗಿದ್ದು ಹೀಗೆ

ಮೆಕ್ಯಾನಿಕಲ್ ಕೀಬೋರ್ಡ್ (ಒಂದೊಂದು ಕೀಗೂ ಬೇರೆ ಸ್ವಿಚ್ ಇರೋದು) ಲ್ಯಾಪ್‌ಟಾಪ್ ಥರ ಅಲ್ಲ, ಮುಂದಿನ ಅಂಚೇ ಟೇಬಲ್‌ನಿಂದ ಸುಮಾರು 2 ಸೆಂ.ಮೀ. ಮೇಲಿರುತ್ತೆ, ಮಣಿಕಟ್ಟು ಹಿಂದಕ್ಕೆ ಬಗ್ಗಿ ಬಗ್ಗಿ ಸಂಜೆ ಹೊತ್ತಿಗೆ ಒಂದೇ ಸಮ ನೋವು. ಅದಕ್ಕೇ ಮರದ ರಿಸ್ಟ್ ರೆಸ್ಟ್, ಅಂದ್ರೆ ಕೀಬೋರ್ಡ್ ಮುಂದೆ ಇಟ್ಟು ಕೈ ಊರೋ ಪಟ್ಟಿ, ತರಿಸ್ದೆ, ನೋಡೋಕೇನೋ ಚೆಂದ, ಆದ್ರೆ ಕೀಬೋರ್ಡ್‌ಗಿಂತ ಎತ್ತರ, ಅಂಚು ಚರ್ಮಕ್ಕೆ ಒತ್ತೋದು, ಸಾಲದ್ದಕ್ಕೆ ಜಾರೋದು ಬೇರೆ.

ಬಡಗಿ ಹತ್ರ ಕೀಸುಳಿ ಹಾಕ್ಸಿ ಕೀಬೋರ್ಡ್ ಅಂಚಿನ ಮಟ್ಟಕ್ಕೆ ಇಳಿಸಿ, ನಮ್ಮ ಕಡೆ ಅಂಚನ್ನ ಇಳಿಜಾರು ಮಾಡಿಸ್ದೆ. ಮನೇಲಿ 120, 240, 400 ನಂಬರ್ ಉಪ್ಪುಕಾಗದ ತಗೊಂಡು ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ, ಅಗಸೆ ಎಣ್ಣೆ ತೆಳ್ಳಗೆ ಸವರಿದೆ. ಕೊಬ್ಬರಿ ಎಣ್ಣೆ ಬೇಡ, ಅದು ಒಣಗಲ್ಲ, ಧೂಳು ಮೆತ್ಕೊಳ್ಳುತ್ತೆ. ಅಗಸೆ ಎಣ್ಣೆ ಒರೆಸಿದ ಬಟ್ಟೇನ ಮಾತ್ರ ಮುದ್ದೆ ಮಾಡಿ ಮೂಲೇಗೆ ಎಸೀಬೇಡಿ ಮಾರಾಯ್ರೇ, ತಾನಾಗೇ ಕಾದು ಹೊತ್ಕೊಳ್ಳೋ ಚಾನ್ಸ್ ಇದೆ, ಹರವಿ ಒಣಗ್ಸಿ. ಅಡಿಗೆ ನಾಲ್ಕು ರಬ್ಬರ್ ಬುಷ್ ಅಂಟಿಸ್ದೆ, ಜಾರೋದು ನಿಂತ್ತು.

ಕೀಬೋರ್ಡ್ ಹಿಂದಿನ ಕಾಲೂ ಮಡಚಿಟ್ಟೆ, ಅರ್ಧ ನೋವು ಅದ್ರಲ್ಲೇ ಹೋಯ್ತು ಅನ್ಸುತ್ತೆ. ಇನ್ನೊಂದು, ರೆಸ್ಟ್ ಮೇಲೆ ಊರಬೇಕಾಗಿದ್ದು ಅಂಗೈ ಬುಡ, ಮಣಿಕಟ್ಟಲ್ಲ, ಅಲ್ಲಿ ನರ ಹಾದುಹೋಗುತ್ತೆ. ಅಂಗೈ ಊರೋದೂ ಟೈಪ್ ಮಾಡೋದು ನಿಲ್ಲಿಸಿದಾಗಷ್ಟೇ.