ಎಸ್‌ಎಸ್‌ಡಿ ಹಾಕದೆಯೇ ಕಂಪ್ಯೂಟರ್ ಬೂಟ್ (ಆನ್ ಆಗೋದು) ಬೇಗ ಮಾಡಿಸಿದೆ: ನನ್ನ ಅನುಭವ

ಕಲಬುರಗಿ ಬೇಸಿಗೆ ಗೊತ್ತಲ್ವಾ, ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ. ಇನ್ವರ್ಟರ್ ಮೇಲೆ ಫ್ಯಾನ್, ಲೈಟ್ ಮಾತ್ರ. ಕರೆಂಟ್ ಬಂದಾಗ ನನ್ನ ಆನ್‌ಲೈನ್ ಸೆಂಟರಿನ ನಾಲ್ಕೂ ಸಿಸ್ಟಮ್ ಒಟ್ಟಿಗೆ ಆನ್ ಆಗಬೇಕು. ಡೆಸ್ಕ್‌ಟಾಪ್ ಬೇಗ ಕಾಣುತ್ತಿತ್ತು, ಆದರೆ ಹಾರ್ಡ್‌ಡಿಸ್ಕ್ ಲೈಟ್ ಆರುತ್ತಲೇ ಇರಲಿಲ್ಲ. ಪಹಣಿ ಪ್ರಿಂಟ್ ಕೊಡೋಕೆ ನಾಲ್ಕೈದು ನಿಮಿಷ ಹಿಡಿಯುತ್ತಿತ್ತು. ಅಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡಿಗೆ ಹೋಗಿರುತ್ತಿದ್ದರು.

"ಅಣ್ಣಾ, ಸುಮ್ನೆ ಎಸ್‌ಎಸ್‌ಡಿ ಹಾಕಸ್ರಿ, ಸ್ಟಾರ್ಟ್‌ಅಪ್ ತೆಗೆದ್ರ ಏನೂ ಆಗಂಗಿಲ್ಲ" ಅಂದವರೇ ಎಲ್ಲ. ಸ್ಟಾರ್ಟ್‌ಅಪ್ ಅಂದ್ರೆ ಸಿಸ್ಟಮ್ ಆನ್ ಆದ ಕೂಡಲೇ ತಾವೇ ಏಳೋ ಪ್ರೋಗ್ರಾಮ್‌ಗಳು. ಎಸ್‌ಎಸ್‌ಡಿ ಅಂದ್ರೆ ಹಾರ್ಡ್‌ಡಿಸ್ಕ್ ಬದಲು ಹಾಕೋ ವೇಗದ ಡಿಸ್ಕ್, ನಾಲ್ಕಕ್ಕೂ ಸೇರಿ ಏಳೆಂಟು ಸಾವಿರ. ಅದಕ್ಕೂ ಮುಂಚೆ ಫಾರ್ಮ್ಯಾಟ್‌ಗೆ ಅಂತ ಸಾವಿರದ ಮೇಲೆ ಹೋಗಿತ್ತು, ತಿಂಗಳೊಳಗೆ ಮತ್ತೆ ಅದೇ ಕಥೆ. ದುಡ್ಡು ಕೊಟ್ಟು ತಂದ ಕ್ಲೀನರ್ ಸಾಫ್ಟ್‌ವೇರ್ ತಾನೇ ಸ್ಟಾರ್ಟ್‌ಅಪ್‌ನಲ್ಲಿ ಕೂತಿತು.

ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಡಿಸೇಬಲ್ ಮಾಡೋದು ಎಲ್ಲರಿಗೂ ಗೊತ್ತು. ಅದರಿಂದ ಅರ್ಧ ನಿಮಿಷ ಉಳಿದಿರಬಹುದು, ಅಷ್ಟೇ. ಆ ಪಟ್ಟಿಯಲ್ಲಿ ಹಿನ್ನೆಲೆಯಲ್ಲಿ ಓಡೋ ಸರ್ವಿಸ್‌ಗಳೂ ಕಾಣಲ್ಲ, ಶೆಡ್ಯೂಲ್ ಆದ ಟಾಸ್ಕ್‌ಗಳೂ ಕಾಣಲ್ಲ. ನನಗೆ ದಾರಿ ತೋರಿಸಿದ್ದು ಮೈಕ್ರೋಸಾಫ್ಟ್‌ನ ಆಟೋರನ್ಸ್, ತಾವಾಗೇ ಶುರುವಾಗೋದನ್ನೆಲ್ಲ ಪಟ್ಟಿ ಮಾಡಿ ತೋರಿಸೋ ಟೂಲ್. ಪುಕ್ಕಟೆ ಸಿಗುತ್ತೆ. ಮೈಕ್ರೋಸಾಫ್ಟ್ ಎಂಟ್ರಿಗಳನ್ನು ಮರೆಮಾಡಿದೆ. ಉಳಿದದ್ದರಲ್ಲಿ ಯಾವಾಗಲೋ ಮಾರಿದ ಪ್ರಿಂಟರಿನ ಅಪ್‌ಡೇಟರ್ ಕೂಡ ಇತ್ತು. ಹಳದಿ ಸಾಲುಗಳಂತೂ ಫೈಲೇ ಇಲ್ಲದವು. ಯಾವುದನ್ನೂ ಡಿಲೀಟ್ ಮಾಡಲಿಲ್ಲ, ಟಿಕ್ ಮಾತ್ರ ತೆಗೆದೆ.

ಆದರೆ ಎಲ್ಲವನ್ನೂ ಬಂದ್ ಮಾಡೋ ಹಾಗಿಲ್ಲ. ಆಧಾರ್‌ಗೆ ಬೆರಳಚ್ಚು ತಗೊಳ್ಳೋ ಮೆಷಿನ್ ಓಡಿಸೋ ಆರ್‌ಡಿ ಸರ್ವಿಸ್ ಏಳದಿದ್ದರೆ ಅಜ್ಜಿ ಎಷ್ಟು ಸಲ ಹೆಬ್ಬೆಟ್ಟು ಒತ್ತಿದರೂ ಡಿವೈಸ್ ರೆಡಿ ಇಲ್ಲ ಅಂತಲೇ ಬರುತ್ತೆ. ಹಾಗಾಗಿ ಅದು ಮೊದಲು, ಆಮೇಲೆ ಕನ್ನಡ ಟೈಪಿಂಗ್‌ನ ನುಡಿ. ಸ್ಕ್ಯಾನರ್, ಕ್ಲೌಡ್ ಸಿಂಕ್, ಇವನ್ನೆಲ್ಲ ಸ್ಟಾರ್ಟ್‌ಅಪ್‌ನಿಂದ ತೆಗೆದು ಟಾಸ್ಕ್ ಶೆಡ್ಯೂಲರ್‌ಗೆ ಹಾಕಿದೆ. ಲಾಗಾನ್ ಟ್ರಿಗರ್, ಅಂದ್ರೆ ಲಾಗಿನ್ ಆದ ಮೇಲೆ ಶುರುವಾಗೋ ಹಾಗೆ, ಒಂದೊಂದಕ್ಕೂ ಬೇರೆ ಬೇರೆ ಡಿಲೇ. ಗುಟ್ಟು ಇರೋದು ಇಲ್ಲೇ. ಒಂದರ ಹಿಂದೆ ಒಂದು ಬಂದರೆ ಹಳೇ ಹಾರ್ಡ್‌ಡಿಸ್ಕ್ ಕೂಡ ತಾಳಿಕೊಳ್ಳುತ್ತೆ. ಯಾವುದಕ್ಕೆ ಎಷ್ಟು ಸೆಕೆಂಡ್ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್ ಸೆಟ್ಟಿಂಗ್ ಕೂಡ ಆನ್, ಆಫ್ ಮಾಡಿ ನೋಡಿದೆ. ಅದು ಸರಿಯಾಗಿ ಶಟ್‌ಡೌನ್ ಮಾಡಿದರೆ ಮಾತ್ರ ಕೆಲಸಕ್ಕೆ ಬರುತ್ತೆ, ಕರೆಂಟ್ ಹೋದಾಗ ಇಲ್ಲ. ರೀಸ್ಟಾರ್ಟ್‌ನಲ್ಲೂ ಅದು ಕೆಲಸ ಮಾಡಲ್ಲ, ಅದಕ್ಕೇ ಟೈಮ್ ನೋಡುವಾಗ ರೀಸ್ಟಾರ್ಟ್ ಕೊಟ್ಟೇ ನೋಡಿ. ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಟೂಲ್‌ನಲ್ಲಿ ಪ್ರೊಸೆಸರ್ ಸಂಖ್ಯೆ ಆರಿಸಿದರೆ ಬೂಟ್ ಬೇಗ ಅಂತಾರಲ್ಲ, ಒಂದು ಸೆಕೆಂಡೂ ಬದಲಾಗಲಿಲ್ಲ. ಇವೆಂಟ್ ವ್ಯೂವರ್‌ನ ಡಯಾಗ್ನೋಸ್ಟಿಕ್ಸ್ ಪರ್ಫಾರ್ಮೆನ್ಸ್ ಲಾಗ್‌ನಲ್ಲಿ 100ನೇ ನಂಬರಿನ ಇವೆಂಟ್ ತೆಗೆದರೆ ಬೂಟ್ ಟೈಮ್ ಮಿಲಿಸೆಕೆಂಡ್‌ನಲ್ಲಿ ಸಿಗುತ್ತೆ. ವಾದ ಮಾಡುವವರ ಮುಂದೆ ನಾನು ಅದನ್ನೇ ತೆರೆದಿಟ್ಟೆ.

ಈಗ ಕರೆಂಟ್ ಬಂದ ಒಂದೂವರೆ ನಿಮಿಷದೊಳಗೆ ಮೊದಲ ಪಹಣಿ ಹೊರಗೆ ಬರುತ್ತೆ, ಮೂರು ಸಿಸ್ಟಮ್‌ನಲ್ಲಿ. 2 ಜಿಬಿ ರ‍್ಯಾಮ್‌ನ ನಾಲ್ಕನೆಯದು ಇನ್ನೂ ಎರಡೂವರೆ ನಿಮಿಷ ತಗೊಳ್ಳುತ್ತೆ, ಅದಕ್ಕೆ ರ‍್ಯಾಮ್ ಹಾಕಿಸಲೇಬೇಕು. ಈಗಿನ ಪ್ರಿಂಟರಿನ ಡ್ರೈವರ್ ಅಪ್‌ಡೇಟ್ ಆದಾಗಲೆಲ್ಲ ಅದರ ಅಪ್‌ಡೇಟರ್ ಮತ್ತೆ ಒಳಗೆ ನುಸುಳುತ್ತೆ, ಹೀಗಾಗಿ ತಿಂಗಳಿಗೊಮ್ಮೆ ಆಟೋರನ್ಸ್ ತೆರೆದು ನೋಡ್ತೀನಿ.