ಲಾನ್ ಹಾಕುವ ಮೊದಲು ಮಣ್ಣಿಗೆ ಮೂರು ತಿಂಗಳು

ಮಡಿಕೇರಿ ಹತ್ತಿರದ ನಮ್ಮ ಮನೆ ಮುಂದೆ 30 ಅಡಿ ಉದ್ದ, 20 ಅಡಿ ಅಗಲದ ಜಾಗ ಇದೆ. ಅಲ್ಲಿ ಎರಡು ಸಲ ಲಾನ್ ಹಾಕಿದ್ದೇನೆ. ಮೊದಲನೆಯದು ಒಂದೇ ಮಳೆಗಾಲಕ್ಕೆ ಕೊಳೆತು ಹೋಯಿತು. ಹುಲ್ಲು ಚೆನ್ನಾಗೇ ಇತ್ತು, ನಾನು ಮಣ್ಣನ್ನು ಸರಿಮಾಡಿರಲಿಲ್ಲ.

ಜಾಗ ಇಳಿಜಾರು. ಜೆಸಿಬಿ ತರಿಸಿ, ಮೇಲಿನ ಬದಿ ಕೆತ್ತಿಸಿ ಕೆಳಗಿನ ಬದಿಗೆ ತುಂಬಿಸಿದ್ದೆ. ಅರ್ಧ ದಿನದಲ್ಲಿ ಕಣದ ಹಾಗೆ ಮಟ್ಟಸವಾಯಿತು. ಆದರೆ ಅರ್ಧ ಅಡಿಯಷ್ಟಿದ್ದ ಕಪ್ಪು ಮೇಲ್ಮಣ್ಣೆಲ್ಲ ಅಡಿಗೆ ಹೋಗಿ, ಒಳಗಿನ ಕೆಂಪು ಮಣ್ಣು ಮೇಲೆ ಬಂದಿತ್ತು. ಅದರಲ್ಲಿ ಸತ್ವ ಕಡಿಮೆ. ಗಾಡಿಯ ಭಾರಕ್ಕೆ ಗಟ್ಟಿಯಾದ ಮೇಲೆ ನೀರೂ ಇಳಿಯಲಿಲ್ಲ. ತುಂಬಿಸಿದ ಬದಿ ಜೂನ್ ಮಳೆಗೆ ಕುಸಿಯಿತು. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ನಮ್ಮ ಜೋರು ಮಳೆಯ ತಿಂಗಳು) ಹೊತ್ತಿಗೆ ಅಲ್ಲಿ ಪಾದ ಮುಳುಗುವಷ್ಟು ನೀರು.

ಎರಡನೇ ಸಲ ಫೆಬ್ರವರಿಯಲ್ಲಿ ಶುರು ಮಾಡಿದೆ. ಕಾಫಿ ಕೊಯ್ಲು ಮುಗಿಯದೆ ಆಳು ಸಿಗುವುದಿಲ್ಲ ಅಲ್ವಾ. ಜೆಸಿಬಿ ಬೇಡ ಅಂದೆ. ಕೆಳಬದಿಯ ಕೆಂಪು ಮಣ್ಣು ತೆಗೆದು, ಹೂತುಹೋಗಿದ್ದ ಕಪ್ಪು ಮಣ್ಣನ್ನು ಬಾಂಡಲಿಯಲ್ಲಿ ಹೊತ್ತು ಟಾರ್ಪಾಲಿನ ಮೇಲೆ ಬೇರೆಯಾಗಿ ರಾಶಿ ಹಾಕಿದೆವು. ಐದು ದಿನ ಹಿಡಿಯಿತು. ಇಡೀ ಕೆಲಸದಲ್ಲಿ ಇದೇ ಮುಖ್ಯ ಅಂತ ಈಗಲೂ ನನ್ನ ಅಭಿಪ್ರಾಯ. ಆಮೇಲೆ ಗಟ್ಟಿಯಾಗಿದ್ದ ತಳವನ್ನು ಪಿಕಾಸಿಯಲ್ಲಿ ಮುಕ್ಕಾಲು ಅಡಿ ಸಡಿಲ ಮಾಡಿದೆವು. ಕಲ್ಲು, ಸಿಮೆಂಟ್ ಚೂರು, ಬೇರು ಎಲ್ಲ ಹೊರಗೆ ಹಾಕಿದೆವು.

ಇಳಿಜಾರು ಕೊಡಬೇಕಾದ್ದು ಈ ತಳಕ್ಕೆ. ಗೋಡೆಯ ಕಡೆಯಿಂದ ಚರಂಡಿಯ ಕಡೆಗೆ, 20 ಅಡಿಗೆ 4 ಇಂಚು. ನಾನು ಕಣ್ಣಂದಾಜಿನಲ್ಲಿ ಗೂಟ ಹೊಡೆಯುತ್ತಿದ್ದೆ. ಗಾರೆ ಕೆಲಸದವರು ನೋಡಿ, "ಹಾಗೆ ಬೇಡ ಅಣ್ಣ, ಪೈಪಲ್ಲಿ ನೀರು ತುಂಬಿಸಿ ನೋಡೋಣ" ಅಂದರು. ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದಲ್ಲ, ಅದರಿಂದ ಅಳೆದು ನೋಡಿದರೆ ನನ್ನ ಅಂದಾಜು 3 ಇಂಚು ತಪ್ಪಿತ್ತು. ಗೂಟದಿಂದ ಗೂಟಕ್ಕೆ ದಾರ ಕಟ್ಟಿ, ದಾರಕ್ಕೆ ಸರಿಯಾಗಿ ಮಣ್ಣು ಎಳೆದೆವು. ತಳಕ್ಕೆ ಇಳಿಜಾರು ಬಂದರೆ ಮೇಲ್ಮಣ್ಣನ್ನು ಎಲ್ಲ ಕಡೆ ಒಂದೇ ದಪ್ಪ ಹರಡಿದರೆ ಸಾಕು.

ಇರುವ ಕಪ್ಪು ಮಣ್ಣು ಸಾಲಲಿಲ್ಲ. ಮಳೆನೀರು, ಮಣ್ಣು ಹಿಡಿದಿಡಲು ಕಾಫಿ ಗಿಡಗಳ ನಡುವೆ ತೋಡುವ ತೊಟ್ಟಿಲು ಗುಂಡಿಗಳಲ್ಲಿ ಎಲೆ ಕೊಳೆತು ಕೂತಿದ್ದ ಮಣ್ಣು ತಂದು, ಜರಡಿ ಹಿಡಿದು ಸೇರಿಸಿದೆ. ಅಷ್ಟು ಒಳ್ಳೆ ಮಣ್ಣು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ನಮ್ಮ ಕಡೆ ಮಳೆ ಜಾಸ್ತಿ, ಮಣ್ಣು ಹುಳಿ. ಮೊದಲೇ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿದ್ದೆ. ಪಿಎಚ್ 5.2 ಬಂದಿತ್ತು (7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಜಾಸ್ತಿ). ಹುಳಿ ತಗ್ಗಿಸಲು ಅಲ್ಲಿ ಹೇಳಿದಷ್ಟು ಕೃಷಿ ಸುಣ್ಣ ಬೆರೆಸಿದೆ. ಕೊಟ್ಟಿಗೆ ಗೊಬ್ಬರ ಹಾಕಿದ್ದು ಮೂರು ವಾರ ಬಿಟ್ಟು. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ.

ಆಮೇಲೆ ಹೂಮಳೆಗೆ ಕಾದೆ. ಕಾಫಿ ಹೂವಿಗೆ ಬೇಕಾದ ಆ ಮಳೆ ನನ್ನ ಮಣ್ಣಿಗೂ ಬೇಕಿತ್ತು. ಎರಡು ಮಳೆಗೆ ಎಲ್ಲೆಲ್ಲಿ ಮಣ್ಣು ಕೂರುತ್ತದೆ ಅಂತ ಗೊತ್ತಾಯಿತು. ಜೇಕು, ಗರಿಕೆ, ಮುಟ್ಟಿದರೆ ಮುನಿ ಎಲ್ಲ ಚಿಗುರಿ ಬಂದವು. ಜೇಕನ್ನು ಸುಮ್ನೆ ಕಿತ್ತರೆ ಗಡ್ಡೆ ಒಳಗೇ ಉಳಿಯುತ್ತದೆ, ಹಾಗಾಗಿ ಅಗೆದೇ ತೆಗೆದೆ.

ಏಪ್ರಿಲ್ ಕೊನೆಗೆ ಕೊನೆಯ ಹದ. ಮಣ್ಣು ಒಣಗಿದ್ದ ದಿನ ಹಿಮ್ಮಡಿ ಊರಿ ಇಡೀ ಜಾಗ ತುಳಿದೆ. ಮೆತ್ತಗಿದ್ದಲ್ಲಿ ಹಳ್ಳ ಬೀಳುತ್ತದೆ, ಅಲ್ಲಿ ಮಣ್ಣು ಹಾಕಿ ರೇಕ್ ಎಳೆದು ಮತ್ತೆ ತುಳಿಯುವುದು. ಮೂರು ಸಲ ಹೀಗೆ ಮಾಡಿದೆ. ಮಣ್ಣನ್ನು ಕಲ್ಲುಹಾಸಿಗಿಂತ ಒಂದು ಇಂಚು ತಗ್ಗಿಗೆ ನಿಲ್ಲಿಸಿದೆ, ಹುಲ್ಲಿನ ಹಾಳೆಗೂ ದಪ್ಪ ಇರುತ್ತದಲ್ಲ. ಮರುದಿನವೇ ಹುಲ್ಲು ಹಾಸಿ ನೀರು ಕೊಟ್ಟೆವು. ಜೂನ್ ಮಳೆ ಬರುವಾಗ ಬೇರು ಹಿಡಿದಿತ್ತು.

ಈ ಕಕ್ಕಡದಲ್ಲಿ ಎಡ ಮೂಲೆ ಅರ್ಧ ಇಂಚು ಇಳಿದಿದೆ. ಮಳೆ ಬಿಟ್ಟ ಮೇಲೆ ಜರಡಿ ಹಿಡಿದ ಮಣ್ಣಿಗೆ ಮರಳು ಬೆರೆಸಿ ಅಲ್ಲಿ ತೆಳ್ಳಗೆ ಹರಡಬೇಕು.