ಅಡಿಕೆ ಮಂಡಿಯ ಹಳೇ ಲೆಕ್ಕಕ್ಕೆ ಬೀಗ ಹಾಕಿದ ಬಗೆ

ಶಿವಮೊಗ್ಗದ ಅಡಿಕೆ ಮಂಡಿಯೊಂದರ ಲೆಕ್ಕದ ಸಾಫ್ಟ್‌ವೇರ್ ಇಂದಿಗೂ ವಿಂಡೋಸ್ ಎಕ್ಸ್‌ಪಿಯಲ್ಲೇ ಓಡುತ್ತಿದೆ. ಓಡಿಸುತ್ತಿರುವವನು ನಾನೇ. ವಿಷುವಲ್ ಫಾಕ್ಸ್‌ಪ್ರೊ ಎಂಬ ಹಳೇ ಡೇಟಾಬೇಸ್ ಭಾಷೆಯಲ್ಲಿ ಬರೆದದ್ದು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಗೆವಾರು ತೂಕ, ರೈತರಿಗೆ ಕೊಟ್ಟ ಮುಂಗಡ, ಬಡ್ಡಿ, ಬಾಕಿ ಎಲ್ಲವೂ ಅದರಲ್ಲಿದೆ. ಬರೆದುಕೊಟ್ಟವರು ಅಂಗಡಿ ಮುಚ್ಚಿ ವರ್ಷಗಳಾದವು, ಸೋರ್ಸ್ ಕೋಡ್ ಯಾರ ಹತ್ತಿರವೂ ಇಲ್ಲ. ಹೊಸದಕ್ಕೆ ಹೋಗೋಣ ಎಂದಾಗ ಮಾಲೀಕರು ಹೇಳಿದ್ದಿಷ್ಟು: "ಹೊಸದು ಬರಲಿ ಮಾರಾಯ್ರೆ, ಬೇಡ ಅನ್ನಲ್ಲ. ಆದ್ರೆ ಹಳೇ ಖಾತೆ ಹೋಗಬಾರದು. ಅಪ್ಪನ ಕಾಲದ ಲೆಕ್ಕ ತೋರ್ಸಿ ಅಂತ ಮಗ ಬಂದು ಕೂತ್ಕೋತಾನೆ." ನ್ಯಾಯವಾದ ಮಾತು.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಹರಡಿದಾಗ, ಬೆಂಬಲ ಮುಗಿದಿದ್ದರೂ ಎಕ್ಸ್‌ಪಿಗೊಂದು ತುರ್ತು ಪ್ಯಾಚ್ ಬಿಟ್ಟರು. ಆ ಹಾವಳಿಯಲ್ಲಿ ನೆನಪಿಡಬೇಕಾದದ್ದು ಒಂದಿದೆ: ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಫೈಲ್ ಹಂಚಿಕೊಳ್ಳುವ ಹಳೇ ಎಸ್‌ಎಂಬಿ ವ್ಯವಸ್ಥೆಯ ಮೂಲಕ ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ತಾನಾಗೇ ದಾಟುತ್ತಿತ್ತು. ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿಯ ಆ ಮೊದಲ ಆವೃತ್ತಿ ಮಾತ್ರ.

ಆದ್ದರಿಂದ ಇಂಥ ಹಳೇ ಸಾಫ್ಟ್‌ವೇರ್ ಉಳಿಸಿಕೊಡುವ ಕೆಲಸ ಕೊಡುವವರಿಗೆಲ್ಲ ನಾನು ಮೊದಲೇ ಹೇಳುವುದು: ವರ್ಚುವಲ್ ಮಷೀನ್‌ಗೆ (ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದಲೇ ಮಾಡಿದ ಇನ್ನೊಂದು ಕಂಪ್ಯೂಟರಿಗೆ) ಹಾಕಿದ ಮಾತ್ರಕ್ಕೆ ಹಳೇ ವಿಂಡೋಸ್ ಸುರಕ್ಷಿತ ಆಗುವುದಿಲ್ಲ. ನೆಟ್‌ವರ್ಕನ್ನು ಬ್ರಿಡ್ಜ್‌ನಲ್ಲಿಟ್ಟರೆ, ಅಂದರೆ ಉಳಿದ ಕಂಪ್ಯೂಟರುಗಳ ನೆಟ್‌ವರ್ಕಿಗೇ ನೇರ ಸೇರಿಸಿದರೆ, ಅದು ಮೇಜಿನ ಮೇಲಿನ ಹಳೇ ಡಬ್ಬದಷ್ಟೇ ಅಪಾಯಕಾರಿ. ವರ್ಚುವಲ್ ಮಷೀನ್‌ನಿಂದ ನಿಜವಾಗಿ ಸಿಗುವ ಲಾಭವೆಂದರೆ, ಯಾವ ಬಾಗಿಲು ತೆರೆದಿರಬೇಕು ಎಂಬುದನ್ನು ಹೊರಗಿನಿಂದ ನಾವು ನಿರ್ಧರಿಸಬಹುದು. ಒಳಗಿರುವ ಎಕ್ಸ್‌ಪಿಯ ಮಾತನ್ನು ನಂಬಬೇಕಾಗಿಲ್ಲ.

ಹಳೇ ಡಿಸ್ಕು ಆಗಲೇ ಕಿರುಗುಟ್ಟುತ್ತಿತ್ತು. ಡಿಡಿ‌ರೆಸ್ಕ್ಯೂ ಎಂಬ, ಕೆಡುತ್ತಿರುವ ಡಿಸ್ಕಿನಿಂದಲೂ ನಕಲು ತೆಗೆಯುವ ಸಾಧನದಿಂದ ಪೂರ್ತಿ ಪ್ರತಿ ತೆಗೆದು, ಲಿನಕ್ಸ್ ಹಾಕಿದ ಹೊಸ ಕಂಪ್ಯೂಟರಿನಲ್ಲಿ ಕೆವಿಎಂ ಎಂಬ ವರ್ಚುವಲ್ ಮಷೀನ್ ವ್ಯವಸ್ಥೆಗೆ ಕೂರಿಸಿದೆ. ಹೀಗೆ ಯಂತ್ರ ಬದಲಿಸಿದಾಗ ಎಕ್ಸ್‌ಪಿ ನೀಲಿ ಪರದೆ ತೋರಿಸಿ, ಕೊನೆಯಲ್ಲಿ 7ಬಿ ಎಂಬ ಸಂಕೇತ ಕೊಟ್ಟು ನಿಲ್ಲುವುದು ಮಾಮೂಲು. ಹಳೇ ಮದರ್‌ಬೋರ್ಡಿನ ಡಿಸ್ಕ್ ಕಂಟ್ರೋಲರ್ ಡ್ರೈವರನ್ನೇ ಅದು ಹುಡುಕುತ್ತಿರುತ್ತದೆ. ಹಳೇ ಯಂತ್ರ ಇನ್ನೂ ಜೀವಂತ ಇರುವಾಗಲೇ ಡಿವೈಸ್ ಮ್ಯಾನೇಜರಿನಲ್ಲಿ ವಿಂಡೋಸಿನದೇ ಸಾಮಾನ್ಯ ಐಡಿಇ ಡ್ರೈವರಿಗೆ ಬದಲಿಸಿ, ಆಮೇಲೆ ಪ್ರತಿ ತೆಗೆದರೆ ಈ ತಾಪತ್ರಯ ಇಲ್ಲ. ಲೈಸೆನ್ಸ್ ಕೂಡ ನೋಡಿಕೊಳ್ಳಬೇಕು: ಕಂಪ್ಯೂಟರಿನ ಜೊತೆ ಬಂದ ಓಇಎಂ ಲೈಸೆನ್ಸ್ ಆ ಯಂತ್ರಕ್ಕೇ ಸೇರಿದ್ದು. ಮಾಲೀಕರ ಬೀರುವಿನಲ್ಲಿ ಬಿಡಿಯಾಗಿ ಕೊಂಡ ಡಿಸ್ಕು ಸಿಕ್ಕಿದ್ದು ನಮ್ಮ ಪುಣ್ಯ. ಇನ್ನೊಂದು, ಗಡಿಯಾರ. ವಿಂಡೋಸ್ ಸ್ಥಳೀಯ ಸಮಯವನ್ನು ನಿರೀಕ್ಷಿಸುತ್ತದೆ. ವರ್ಚುವಲ್ ಮಷೀನ್‌ಗೆ ಯುಟಿಸಿ, ಅಂದರೆ ಜಾಗತಿಕ ಸಮಯ, ಕೊಟ್ಟರೆ ಬಿಲ್ಲಿನ ಸಮಯ ಐದೂವರೆ ಗಂಟೆ ಹಿಂದೆ ಬೀಳುತ್ತದೆ.

ನೆಟ್‌ವರ್ಕನ್ನು ಐಸೊಲೇಟೆಡ್ ಎಂಬ ಬಗೆಯಲ್ಲಿ ಇಟ್ಟಿದ್ದೇನೆ. ಎಕ್ಸ್‌ಪಿಗೆ ಇಂಟರ್‌ನೆಟ್ ಇಲ್ಲ, ಮಂಡಿಯ ಬೇರೆ ಕಂಪ್ಯೂಟರುಗಳೂ ಕಾಣುವುದಿಲ್ಲ. ಕಾಣುವುದು ತನ್ನನ್ನು ಹೊತ್ತಿರುವ ಲಿನಕ್ಸ್ ಒಂದೇ, ಅದೂ 631 ಎಂಬ ಒಂದೇ ಪೋರ್ಟಿನಲ್ಲಿ, ಅಂದರೆ ಒಂದೇ ಬಾಗಿಲಿನಲ್ಲಿ. ಉಳಿದದ್ದೆಲ್ಲ ಲಿನಕ್ಸ್ ಫೈರ್‌ವಾಲಿನಲ್ಲಿ ಬಂದ್. ಶೇರ್ಡ್ ಫೋಲ್ಡರ್ ಇಲ್ಲ, ಕ್ಲಿಪ್‌ಬೋರ್ಡ್ ಹಂಚಿಕೆ ಇಲ್ಲ. ರಿಮೋಟ್ ಡೆಸ್ಕ್‌ಟಾಪ್ ಸಹ ಇಲ್ಲ. 2019ರಲ್ಲಿ ಬ್ಲೂಕೀಪ್ ಎಂಬ ಅದರ ದೋಷ ಬಯಲಾದ ಮೇಲೆ ಹಳೇ ವಿಂಡೋಸಿನಲ್ಲಿ ಅದನ್ನು ತೆರೆದಿಡಲು ನನಗೆ ಧೈರ್ಯವಿಲ್ಲ. ಗುಮಾಸ್ತರು ಲಿನಕ್ಸ್ ಪರದೆಯಲ್ಲೇ ಒಂದು ಕಿಟಕಿಯಾಗಿ ಎಕ್ಸ್‌ಪಿಯನ್ನು ತೆರೆದು ಕೆಲಸ ಮಾಡುತ್ತಾರೆ. ಪೆನ್‌ಡ್ರೈವ್ ಚುಚ್ಚಿದರೆ ಅದು ಲಿನಕ್ಸಿಗೆ ಹೋಗುತ್ತದೆಯೇ ಹೊರತು ಒಳಕ್ಕೆ ಹೋಗುವುದಿಲ್ಲ. ಯುಎಸ್‌ಬಿಯಲ್ಲಿ ಒಳಗೆ ಬಿಟ್ಟಿರುವುದು ಸಾಫ್ಟ್‌ವೇರಿನ ಡಾಂಗಲ್ ಒಂದನ್ನೇ, ಅಂದರೆ ಚುಚ್ಚದಿದ್ದರೆ ಸಾಫ್ಟ್‌ವೇರ್ ಓಡದ ಕೀಲಿಯನ್ನು.

ಆ 631 ಪೋರ್ಟು ಪ್ರಿಂಟಿಗಾಗಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕಾರ್ಬನ್ ಪ್ರತಿಯ ಪಟ್ಟಿ ಹೊರಬೀಳದಿದ್ದರೆ ಮಂಡಿ ನಿಂತಂತೆ. ಪ್ರಿಂಟರನ್ನು ಲಿನಕ್ಸಿಗೆ ಜೋಡಿಸಿ, ಕಪ್ಸ್ ಎಂಬ ಲಿನಕ್ಸಿನ ಪ್ರಿಂಟ್ ವ್ಯವಸ್ಥೆಯ ಮೂಲಕ ಹಂಚಿ, ಎಕ್ಸ್‌ಪಿಯಲ್ಲಿ ಸಾಮಾನ್ಯ ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್ ಹಾಕಿದೆ. ನುಡಿ ಎಂಬ ಕನ್ನಡ ಫಾಂಟಿನ ಅಕ್ಷರಗಳು ಪೋಸ್ಟ್‌ಸ್ಕ್ರಿಪ್ಟಿನೊಳಗೇ ಅಡಕವಾಗಿ ಬರುವುದರಿಂದ ಕನ್ನಡ ಸರಿಯಾಗಿ ಅಚ್ಚಾಗುತ್ತದೆ. ಕಾಗದದ ಅಳತೆ ಹೊಂದಿಸುವುದಕ್ಕೆ ಮಾತ್ರ ಸಾಕಷ್ಟು ಹೊತ್ತು ಹಿಡಿಯಿತು.

ಬ್ಯಾಕಪ್ ವಿಷಯದಲ್ಲಿ ನಾನು ಹಟವಾದಿ. ಸ್ನ್ಯಾಪ್‌ಶಾಟ್, ಅಂದರೆ ವರ್ಚುವಲ್ ಮಷೀನಿನ ಆ ಕ್ಷಣದ ಸ್ಥಿತಿಯನ್ನು ಅದೇ ಡಿಸ್ಕಿನಲ್ಲಿ ಹಿಡಿದಿಡುವುದು, ಬ್ಯಾಕಪ್ ಅಲ್ಲ. ಡಿಸ್ಕು ಸತ್ತರೆ ಮೂಲ, ಸ್ನ್ಯಾಪ್‌ಶಾಟ್ ಎರಡೂ ಒಟ್ಟಿಗೇ ಹೋಗುತ್ತವೆ. ಲೆಕ್ಕದ ಫೈಲುಗಳನ್ನು ಬೇರೆಯೇ ಒಂದು ವರ್ಚುವಲ್ ಡಿಸ್ಕಿನಲ್ಲಿಟ್ಟಿದ್ದೇನೆ. ರಾತ್ರಿ ಎಕ್ಸ್‌ಪಿ ಪೂರ್ತಿ ಶಟ್‌ಡೌನ್ ಆದ ಮೇಲೆ ಲಿನಕ್ಸ್ ಆ ಡಿಸ್ಕನ್ನು ಓದಲು ಮಾತ್ರ ತೆರೆದು ಫೈಲುಗಳನ್ನು ನಕಲು ಮಾಡುತ್ತದೆ, ಇನ್ನೊಂದು ಪ್ರತಿ ಹೊರಗಿನ ಡ್ರೈವಿಗೆ ಹೋಗುತ್ತದೆ. ಶಟ್‌ಡೌನ್ ಆಗಲೇಬೇಕು: ಫಾಕ್ಸ್‌ಪ್ರೊದಲ್ಲಿ ಡಿಬಿಎಫ್ ಎಂಬ ದತ್ತಾಂಶದ ಫೈಲು, ಉದ್ದನೆ ಬರಹವಿರುವ ಅದರ ಮೆಮೊ ಫೈಲು, ಹುಡುಕಲು ನೆರವಾಗುವ ಇಂಡೆಕ್ಸ್ ಮೂರೂ ಒಂದೇ ಗಳಿಗೆಯವಾಗಿರಬೇಕು. ತೆರೆದಿರುವಾಗ ನಕಲು ಮಾಡಿದರೆ ಒಂದಕ್ಕೊಂದು ತಾಳೆಯಾಗದ ಪ್ರತಿ ಸಿಗಬಹುದು, ಅದು ಗೊತ್ತಾಗುವುದು ಬೇಕಾದ ದಿನ.

ಇಷ್ಟಾದರೂ ಡಾಂಗಲ್ ಕೆಟ್ಟರೆ ಎಲ್ಲ ನಿಂತೇ ಹೋಗುತ್ತದೆ. ಬದಲಿ ಕೊಡುವವರಿಲ್ಲ. ಹಾಗಾಗಿ ಲೆಕ್ಕವನ್ನು ಸಾಫ್ಟ್‌ವೇರಿನ ಹಂಗಿನಿಂದ ಬಿಡಿಸಲೇಬೇಕಿತ್ತು, ನನ್ನ ಮನಸ್ಸು ಹೆಚ್ಚು ತೊಡಗಿದ್ದೂ ಇಲ್ಲಿಯೇ. ಡಿಬಿಎಫ್ ಫೈಲನ್ನು ಪೈಥಾನಿನಲ್ಲಿ ಓದುವುದು ಸುಲಭ. ಆದರೆ ರೈತರ ಹೆಸರು, ಊರು ಎಲ್ಲ ಹಳೇ ನುಡಿ ಫಾಂಟಿನ ಸಂಕೇತದಲ್ಲಿವೆ. ಅಂದರೆ ಇಂಗ್ಲಿಷ್ ಅಕ್ಷರ, ಯುರೋಪಿನ ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದು. ಫಾಂಟು ತೆಗೆದರೆ ಓದಲಾಗದ ಗೊಜ್ಜು. ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಯುನಿಕೋಡಿಗೆ ತರುವಾಗ ಅರ್ಕಾವೊತ್ತು ಕಾಡುತ್ತದೆ. ನುಡಿಯಲ್ಲಿ ಅದು ಕಣ್ಣಿಗೆ ಕಂಡ ಹಾಗೆ ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಒಂದಕ್ಕೊಂದು ಬದಲಿಸುತ್ತಾ ಹೋದರೆ ತೀರ್ಥಹಳ್ಳಿ 'ತೀಥರ್‌ಹಳ್ಳಿ' ಆಗಿ ಕೂರುತ್ತದೆ. ಆಮೇಲೆ ಆ ಊರಿನ ಹೆಸರು ಕೊಟ್ಟು ಹುಡುಕಿದರೆ ಒಬ್ಬ ರೈತರೂ ಸಿಗುವುದಿಲ್ಲ. ಪರಿವರ್ತಕ ಬರೆದ ಮೇಲೆ ಅರ್ಕಾವೊತ್ತು ಇರುವ ಹೆಸರುಗಳನ್ನಷ್ಟೇ ಬೇರೆ ತೆಗೆದು, ಗುಮಾಸ್ತರ ಜೊತೆ ಕೂತು ಓದಿದೆ. ರೈತರ ಮನೆತನ ಸಮೇತ ಪರಿಚಯವಿದ್ದ ಅವರ ಕಣ್ಣಿಗೆ ಬಿದ್ದ ತಪ್ಪುಗಳು ಯಾವ ಪ್ರೋಗ್ರಾಮಿಗೂ ಸಿಗುವಂಥವಲ್ಲ.

ಈಗ ಪ್ರತಿ ರಾತ್ರಿ ಬ್ಯಾಕಪ್ಪಿನ ಬೆನ್ನಿಗೇ ಈ ಪರಿವರ್ತನೆಯೂ ನಡೆಯುತ್ತದೆ. ಮಾಲೀಕರು ತಮ್ಮ ಕಂಪ್ಯೂಟರಿನಲ್ಲೇ ಕನ್ನಡದಲ್ಲಿ ಹೆಸರು ಕೊಟ್ಟು ಖಾತೆ ನೋಡುತ್ತಾರೆ, ಅದಕ್ಕೆ ಎಕ್ಸ್‌ಪಿಯೂ ಬೇಡ, ಡಾಂಗಲ್ಲೂ ಬೇಡ. ಹೊಸ ಸಾಫ್ಟ್‌ವೇರಿನಲ್ಲಿ ನಮೂದು ಶುರುವಾಗುವವರೆಗೆ ಎಕ್ಸ್‌ಪಿ ಬೆಳಿಗ್ಗೆ ತೆರೆದು ಸಂಜೆ ಮುಚ್ಚುತ್ತದೆ. ಆಗಾಗ ಹೊರಗಿನ ಡ್ರೈವನ್ನು ನನ್ನ ಲ್ಯಾಪ್‌ಟಾಪಿಗೆ ತಂದು, ಅದರಲ್ಲಿನ ಪ್ರತಿಯಿಂದ ಎಕ್ಸ್‌ಪಿಯನ್ನು ಎಬ್ಬಿಸಿ, ಯಾವುದಾದರೂ ಒಂದು ಖಾತೆಯ ಬಾಕಿಯನ್ನು ಮಂಡಿಯಲ್ಲಿ ಅಚ್ಚಾದ ಪಟ್ಟಿಯೊಂದಿಗೆ ತಾಳೆ ನೋಡುತ್ತೇನೆ.